ಹೋಲ್ ಕೂಡಿದರಷ್ಟೇ ಸಾಲದು: ಗೋಕುಲ ರೋಡಿನ ಒಂದು ಟೈರ್ ಅಂಗಡಿ

ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಹೊಸ ಬಸ್ ಸ್ಟ್ಯಾಂಡ್ ದಾಟಿ ಏರ್‌ಪೋರ್ಟ್ ಕಡೆ ಹೊರಟರೆ ಟೈರ್ ಅಂಗಡಿಗಳಿಗೆ ಬರವಿಲ್ಲ. ನಾನು ಬರೆಯುತ್ತಿರುವ ಅಂಗಡಿಯ ಬೋರ್ಡಿನ ಮೇಲೆ ಟೈರ್ ಕಂಪನಿಯ ಹೆಸರು ಮೊಳದುದ್ದ ಇದೆ, ಅಂಗಡಿಯ ಹೆಸರು ಮೂಲೆಯಲ್ಲಿ ಬಿಸಿಲಿಗೆ ಮಾಸಿ ಹೋಗಿದೆ. ಅದನ್ನು ಇಲ್ಲಿ ಹಾಕಲೇ ಎಂದು ಮಾಲೀಕರನ್ನೇ ಕೇಳಿದೆ. "ಬ್ಯಾಡ್ರಿ ಅಕ್ಕಾರ, ಈಗ ಬರೂ ಮಂದೀನ ಸಂಭಾಳಸೂದು ಆಗವಲ್ದು" ಅಂದರು. ಹಾಗಾಗಿ ಹೆಸರಿಲ್ಲ. ಹುಡುಕುವವರಿಗೆ ಒಂದು ಗುರುತು ಹೇಳಬಲ್ಲೆ: ಒಳಗೆ ಟೇಬಲ್ಲಿನ ಮೇಲೆ ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟ ವರ್ನಿಯರ್ ಕ್ಯಾಲಿಪರ್, ಅಂದರೆ ಮಿಲಿಮೀಟರಿನ ಚೂರನ್ನೂ ಅಳೆಯುವ ಸಾಧನ, ಇರುತ್ತದೆ. ಬೇರೆ ಅಂಗಡಿಗಳಲ್ಲಿ ಆ ಜಾಗದಲ್ಲಿ ಸುತ್ತಿಗೆ ಇರುತ್ತದೆ.

ನನ್ನದು ಗದಗ-ಬೆಟಗೇರಿಯಲ್ಲಿ ಸೀರೆ ವ್ಯಾಪಾರ. ನೇಕಾರರ ಮನೆಯಿಂದ ಸೀರೆ ತಂದು ಹುಬ್ಬಳ್ಳಿ, ಧಾರವಾಡದ ಅಂಗಡಿಗಳಿಗೆ ಮುಟ್ಟಿಸುತ್ತೇನೆ. ಗಾಡಿ 2019ರ ಸ್ವಿಫ್ಟ್, ಕಂಪನಿಯಿಂದ ಬಂದದ್ದು 14 ಇಂಚಿನ ಕಬ್ಬಿಣದ ಡಿಸ್ಕ್ (ಟೈರ್ ಕೂಡುವ ರಿಮ್), ಟೈರ್ 165/80, ಅಂದರೆ ಅಗಲ 165 ಮಿ.ಮೀ., ಟೈರಿನ ಗೋಡೆಯ ಎತ್ತರ ಅದರ ನೂರಕ್ಕೆ 80. ಹಿಂದಿನ ಸೀಟು ಮಡಚಿ ಗಂಟು ಹಾಕಿಕೊಂಡು ಅಣ್ಣಿಗೇರಿ ಮೇಲೆ ಓಡಾಡುವ ಗಾಡಿ ಇದು, ಷೋಕಿಯದ್ದಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಎಡಗಡೆಯ ಎರಡೂ ಡಿಸ್ಕ್ ಬಗ್ಗಿ ಔಟ್ ಆಗಿದ್ದವು. ಒಂದನ್ನು ಬಡಿದು ಸರಿ ಮಾಡಿಸಿದ್ದೆ, ಇನ್ನೊಂದಕ್ಕೆ ಬಡಿಯುವ ಜಾಗವೂ ಉಳಿದಿರಲಿಲ್ಲ. ನಾಲ್ಕೂ ಟೈರ್ ಹೇಗೂ ಸವೆದಿದ್ದವು. ಬದಲಿಸುವುದಾದರೆ 15 ಇಂಚಿನ ಅಲಾಯ್ (ಅಲ್ಯುಮಿನಿಯಂ ಮಿಶ್ರಲೋಹದ ಗಾಲಿ) ಹಾಕಿಬಿಡೋಣ ಅನ್ನಿಸಿತು. ಇದೇ ಸ್ವಿಫ್ಟಿನ ಮೇಲಿನ ಮಾಡೆಲ್ಲಿಗೆ ಕಂಪನಿಯೇ 185/65 ಆರ್ 15 ಕೊಡುತ್ತದೆ, ಅಂದಮೇಲೆ ಆ ಅಳತೆ ನನ್ನ ಗಾಡಿಗೂ ಒಗ್ಗಲೇಬೇಕು ಎಂಬ ಲೆಕ್ಕ.

ಮೊದಲು ಹೋದದ್ದು ಈ ಅಂಗಡಿಗಲ್ಲ, ಹಳೇ ಸಾಮಾನು ಮಾರುವ ಇನ್ನೊಬ್ಬರ ಕಡೆ. ಅವರ ಬಳಿ ಹೋಂಡಾ ಸಿಟಿಯಿಂದ ಬಿಚ್ಚಿದ 15 ಇಂಚಿನ ಕಂಪನಿ ಅಲಾಯ್ ನಾಲ್ಕು ಇದ್ದವು, ಟೈರ್ ಸಮೇತ 15 ಸಾವಿರಕ್ಕೆ. ನೋಡಲು ಚಂದ, ಪಾಲಿಶ್ ಹೊಡೆಸಿಟ್ಟಿದ್ದರು. "ನಾಕ್ ಹೋಲ್, ನೂರರ ಪಿಸಿಡಿ. ನಿಮ್ಮ ಗಾಡೀದೂ ಅದ. ಯೂನಿವರ್ಸಲ್ ರೀ, ಕಣ್ಣ ಮುಚ್ಚಿ ಹಾಕ್ಕೊಳ್ರಿ" ಅಂದರು. ಪಿಸಿಡಿ ಅಂದರೆ ನಟ್ಟಿನ ತೂತುಗಳೆಲ್ಲ ಕೂತಿರುವ ಸುತ್ತಿನ ಅಡ್ಡಳತೆ. ನಾಲ್ಕು ತೂತಿನ ರಿಮ್ಮಿನಲ್ಲಿ ಎದುರುಬದುರು ತೂತುಗಳ ನಡುವಿನಿಂದ ನಡುವಿಗೆ ಟೇಪ್ ಹಿಡಿದರೆ ಅದೇ ಪಿಸಿಡಿ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸ್ವಿಫ್ಟಿಗೂ ಸಿಟಿಗೂ ಅದು 100 ಮಿ.ಮೀ. ಆದರೆ ಹೋಲ್ ಕೂಡಿತು ಅಂತ ಗಾಲಿ ಕೊಳ್ಳುವುದು ಸೆರಗು ನೋಡಿ ಸೀರೆ ಕೊಂಡಂತೆ, ಮಡಿಕೆ ಬಿಚ್ಚಿ ನೋಡದೆ ನಾನಂತೂ ಯಾವುದಕ್ಕೂ ರೊಕ್ಕ ಎಣಿಸುವವಳಲ್ಲ. ಎರಡು ಸಾವಿರ ಅಡ್ವಾನ್ಸ್ ಕೊಟ್ಟು, ಒಂದು ಗಾಲಿ ಮತ್ತು ಅದರ ನಾಲ್ಕು ನಟ್ ತಗೊಂಡು ಗೋಕುಲ ರೋಡಿಗೆ ಬಂದೆ. ಒಗ್ಗದಿದ್ದರೆ ವಾಪಸ್ ಎಂದು ಚೀಟಿ ಮೇಲೆ ಬರೆಸಿಕೊಂಡಿದ್ದೆ. ಬರೆಯಲು ಅವರಿಗೆ ಮನಸ್ಸಿರಲಿಲ್ಲ, ಬರೆಯುವವರೆಗೂ ನಾನು ಅಲ್ಲಿಂದ ಏಳಲಿಲ್ಲ.

ಗೋಕುಲ ರೋಡಿನ ಈ ಮಾಲೀಕರು ಅರವತ್ತರ ಮೇಲಿನವರು, ಮೊದಲು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇಥ್ ಮೇಲೆ ಕೆಲಸ ಮಾಡಿದವರಂತೆ. ನಾನು ಕಾಕಾ ಅನ್ನುತ್ತೇನೆ. ಗಾಲಿ ನೋಡಿದವರೇ ಚಂದ ಇದೆ, ಚಂದ ಇಲ್ಲ ಏನೂ ಅನ್ನಲಿಲ್ಲ. ಹುಡುಗನಿಗೆ ಹೇಳಿ ನನ್ನ ಗಾಡಿಯ ಮುಂದಿನ ಗಾಲಿ ಬಿಚ್ಚಿಸಿದರು. ಹಬ್, ಅಂದರೆ ಗಾಡಿಯಲ್ಲಿ ಗಾಲಿ ಹಚ್ಚುವ ಜಾಗ, ಅದರ ನಡುವೆ ಉಬ್ಬಿದ ಭಾಗದ ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿಸಿ ವರ್ನಿಯರ್ ಹಿಡಿದರು: 54 ಮಿ.ಮೀ. ಮತ್ತು ಚೂರು. ಸಿಟಿ ಗಾಲಿಯ ನಡುವಿನ ದೊಡ್ಡ ತೂತಿಗೆ ಹಿಡಿದರು: 56 ಮತ್ತು ಚೂರು. ಲೆಕ್ಕದ ಪ್ರಕಾರ ಸ್ವಿಫ್ಟಿನ ಹಬ್ 54.1, ಹೋಂಡಾದ ಗಾಲಿ 56.1. ಎರಡು ಮಿ.ಮೀ. ಸಡಿಲು, ಅಂದರೆ ಗಾಲಿ ಹಬ್ಬಿನ ಮೇಲೆ ಬಿಗಿಯಾಗಿ ಕೂಡುವುದಿಲ್ಲ, ನಟ್ಟಿನ ಮೇಲೆ ನೇತಾಡುತ್ತದೆ. ನಟ್ ಬಿಗಿಯುವಾಗ ಕೂದಲೆಳೆಯಷ್ಟು ಒಂದು ಬದಿಗೆ ಸರಿದು ಕೂತರೂ ಸಾಕು, ಎಂಬತ್ತು ತೊಂಬತ್ತರ ವೇಗದಲ್ಲಿ ಸ್ಟೇರಿಂಗ್ ನಡುಗತೊಡಗುತ್ತದೆ. ಆಗ ಬ್ಯಾಲೆನ್ಸಿಂಗ್ (ಗಾಲಿಯ ತೂಕ ಸುತ್ತಲೂ ಸಮ ಮಾಡುವುದು) ಎಷ್ಟು ಸಲ ಮಾಡಿಸಿದರೂ ಉಪಯೋಗವಿಲ್ಲ, ಯಾಕೆಂದರೆ ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಗಾಲಿ ನೆಟ್ಟಗೆ ಕೂತಿರುತ್ತದೆ, ಸೊಟ್ಟಗಿರುವುದು ಗಾಡಿಯ ಮೇಲೆ.

ಇದಕ್ಕೆ ಮದ್ದು ಇದೆ. ಸಂದಿ ತುಂಬುವ ಹಬ್ ರಿಂಗ್, ಹೊರಗೆ 56.1, ಒಳಗೆ 54.1. ತೂತು ದೊಡ್ಡದಿದ್ದರೆ ರಿಂಗ್ ಹಾಕಿ ಸಣ್ಣದು ಮಾಡಬಹುದು. ಸಣ್ಣದಿದ್ದರೆ ಗಾಲಿ ಹಬ್ಬಿನ ಮೇಲೆ ಏರುವುದೇ ಇಲ್ಲ, ಕೆಲವರು ಅದನ್ನು ಲೇಥಿಗೆ ಹಾಕಿ ಕೊರೆಸುತ್ತಾರೆ. ಕಾಕಾ ಸ್ವತಃ ಲೇಥಿನವರಾಗಿದ್ದೂ "ಅಲಾಯ್ ಕೊರದ್ರ ನನ್ನ ಅಂಗಡಿ ಬಾಗಲಾ ಹತ್ತಬ್ಯಾಡ್ರಿ" ಅನ್ನುತ್ತಾರೆ. ನಟ್ ಶಂಕುವಿನ ಆಕಾರದ್ದಿದ್ದರೆ ಅದೇ ಗಾಲಿಯನ್ನು ನಡುವಿಗೆ ಎಳೆದು ಕೂಡಿಸುತ್ತದೆ, ರಿಂಗ್ ಯಾಕೆ ಎಂದು ವಾದಿಸುವವರೂ ಇದ್ದಾರೆ. ಕೈಯಲ್ಲಿ ನಿಧಾನಕ್ಕೆ ಬಿಗಿದರೆ ಆ ಮಾತು ಬಹುಮಟ್ಟಿಗೆ ನಿಜವೇ. ಆದರೆ ರಸ್ತೆ ಬದಿ ಪಂಕ್ಚರ್ ಹಾಕುವ ಹುಡುಗ ನಿಧಾನಕ್ಕೆ ಬಿಗಿಯುತ್ತಾನೆ ಎಂದು ನಂಬುವವಳು ನಾನಲ್ಲ.

ರಿಂಗ್ ಸಿಗುತ್ತದೆ, ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಕಾಕಾ ಸಿಟಿ ಗಾಲಿಯ ಜತೆ ಬಂದ ನಟ್ಟನ್ನು ಕೈಗೆತ್ತಿಕೊಂಡು ನನ್ನ ಗಾಡಿಯ ನಟ್ಟಿನ ಪಕ್ಕ ಹಿಡಿದು ತೋರಿಸಿದರು. ನನ್ನದರ ಮೂತಿ ನೇರ ಇಳಿಜಾರು, ಶಂಕುವಿನ ಹಾಗೆ. ಹೋಂಡಾದ್ದು ಗುಂಡಗೆ, ಚೆಂಡಿನ ತುಂಡಿನ ಹಾಗೆ. ಹೋಂಡಾ ಕಂಪನಿ ಗಾಲಿಗಳಲ್ಲಿ ನಟ್ ಕೂಡುವ ಗುಳಿಯೂ ಗುಂಡಗೇ ಇರುತ್ತದೆ. ಆ ಗುಳಿಗೆ ನನ್ನ ಶಂಕುವಿನ ನಟ್ ಬಿಗಿದರೆ ಏನಾಗುತ್ತದೆ ಎನ್ನುವುದನ್ನು ಅವರು ಬಾಯಲ್ಲಿ ಹೇಳಲಿಲ್ಲ. ನಟ್ಟಿನ ಮೂತಿಗೆ ನೀಲಿ ಮಾರ್ಕರ್ ಬಳಿದು, ಗಾಲಿ ಹಚ್ಚಿ, ಕೈಪಾನಾದಲ್ಲಿ ಬಿಗಿದು ಬಿಚ್ಚಿದರು. ಗುಳಿಯೊಳಗೆ ನೀಲಿ ಹತ್ತಿದ್ದು ದಾರದಷ್ಟು ಸಣ್ಣ ಒಂದು ಬಳೆ, ಮಿಕ್ಕದ್ದೆಲ್ಲ ಬಿಳಿ. ಆಮೇಲೆ ನನ್ನದೇ ಡಿಸ್ಕಿಗೆ ಅದೇ ನಟ್ ಬಳಿದು ಬಿಗಿದು ಬಿಚ್ಚಿದರು. ಬೆರಳಗಲ ನೀಲಿ. "ಇಡೀ ಗಾಲಿ ಹಿಡಿಯೂದು ಇಷ್ಟ ಜಾಗಾ ನೋಡ್ರಿ. ಅದು ದಾರದಷ್ಟ ಆತಂದ್ರ ಅಲ್ಯುಮಿನಿಯಂ ತಿಂದಕೋಂತ ಹೋಗ್ತದ, ನಟ್ ಸಡ್ಲ ಆಗ್ತದ. ನೀವ್ ಟೈಟ್ ಮಾಡ್ತೀರಿ, ಮತ್ತ ಸಡ್ಲ ಆಗ್ತದ."

ಹಾಗಾದರೆ ಹೋಂಡಾದ ಗುಂಡು ನಟ್ಟನ್ನೇ ಹಾಕಿದರಾಯಿತಲ್ಲ ಅಂದೆ. ಅದಕ್ಕೇ ಕಾಯುತ್ತಿದ್ದವರ ಹಾಗೆ ಹೋಂಡಾ ನಟ್ಟನ್ನು ನನ್ನ ಕೈಗೇ ಕೊಟ್ಟು, ಹಬ್ಬಿನಿಂದ ಹೊರಚಾಚಿದ ಬೋಲ್ಟಿಗೆ, ಅಂದರೆ ಸ್ಟಡ್ಡಿಗೆ ತಿರುಗಿಸಲು ಹೇಳಿದರು. ಸುತ್ತೇ ಹಿಡಿಯಲಿಲ್ಲ, ಸಿಕ್ಕಿಹಾಕಿಕೊಂಡಿತು. ಎರಡೂ 12 ಮಿ.ಮೀ. ದಪ್ಪದ್ದೇ. ಆದರೆ ಸುಜುಕಿಯ ಸ್ಟಡ್ಡಿನಲ್ಲಿ ಥ್ರೆಡ್ಡಿನ, ಅಂದರೆ ಸುತ್ತುಗೆರೆಗಳ ಅಂತರ 1.25 ಮಿ.ಮೀ., ಹೋಂಡಾದ್ದು 1.5. ಕಣ್ಣಿಗೆ ಎರಡೂ ಒಂದೇ. ನಟ್ ಬಿಗಿಯುವ ಗನ್ ಹಿಡಿದು ಒತ್ತಿದರೆ ಒತ್ತಾಯಕ್ಕೆ ಒಳಗೂ ಹೋಗುತ್ತದೆ, ಸ್ಟಡ್ಡಿನ ಥ್ರೆಡ್ ಕಿತ್ತುಕೊಂಡೇ ಹೋಗುತ್ತದೆ. ಗುಂಡು ಮೂತಿಯ, 1.25 ಥ್ರೆಡ್ಡಿನ ನಟ್ ಬೇಕೆಂದರೆ ತರಿಸಬೇಕು, ಅದು ಇಲ್ಲಿ ಯಾರ ಡಬ್ಬಿಯಲ್ಲೂ ಇರುವ ಮಾಲಲ್ಲ.

ಇಷ್ಟು ಸಾಲದು ಎಂಬಂತೆ ಟೈರಿನ ಮೇಲಿನ ಬರಹವನ್ನೂ ಓದಿಸಿದರು. 175/65 ಆರ್ 15, ಅದರ ಮುಂದೆ 84. ನನ್ನ ಹಳೆಯ ಟೈರಿನ ಮೇಲೆ 85. ಅದು ಭಾರದ ಅಂಕಿ: 85 ಅಂದರೆ ಒಂದು ಟೈರಿಗೆ 515 ಕಿಲೋ, 84 ಅಂದರೆ 500. ಸೀರೆ ಗಂಟು ಹೇರುವ ಗಾಡಿಗೆ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಭಾರದ ಟೈರ್ ಯಾಕೆ? ತಯಾರಾದ ವಾರ ಹೇಳುವ ನಾಲ್ಕು ಅಂಕಿ 3117 ಅಂತಿತ್ತು, ಅಂದರೆ 2017ರ 31ನೇ ವಾರ. ಪಾಲಿಶ್ ಹೊಡೆದದ್ದು ಟೈರಿಗೂ ಸೇರಿಯೇ ಎಂದು ಆಗ ಗೊತ್ತಾಯಿತು.

"ಇದನ್ನ ನಾ ಹಚ್ಚಂಗಿಲ್ರಿ" ಅಂದರು. ಗಾಲಿ ಹಚ್ಚಿದ ಕೂಲಿಯಾದರೂ ಸಿಗುತ್ತಿತ್ತು, ಅದನ್ನೂ ಬಿಟ್ಟರು. ನೋಡಿದ್ದಕ್ಕೆ ಎಷ್ಟು ಎಂದರೆ ಹುಡುಗನಿಗೆ ಚಾಕ್ಕೆ ಕೊಡಿ ಅಂದರು. ಸಿಟಿ ಗಾಲಿ ವಾಪಸ್ ಹೋಯಿತು. ಹಳೇ ಸಾಮಾನಿನವರು ಅಡ್ವಾನ್ಸಿನಲ್ಲಿ ಇನ್ನೂರು ಮುರಿದುಕೊಂಡರು. ಚೀಟಿಯಲ್ಲಿ ಅದು ಇರಲಿಲ್ಲ, ಜಗಳವಾಡಲು ನನಗೂ ಹೊತ್ತಿರಲಿಲ್ಲ.

ಇನ್ನು ಹೊಸ ಅಲಾಯ್. ಕಾಕಾನ ಮೊದಲ ಸಲಹೆ, ಮಾರುತಿ ಶೋರೂಮಿನಲ್ಲಿ ಇದೇ ಸ್ವಿಫ್ಟಿನ 15 ಇಂಚಿನ ಕಂಪನಿ ಗಾಲಿ ಸಿಕ್ಕರೆ ಅದನ್ನೇ ತಗೊಳ್ಳಿ, ನಟ್, ರಿಂಗ್ ಯಾವುದರ ತಲೆನೋವೂ ಇಲ್ಲ ಎಂದು. ತನ್ನಲ್ಲಿ ಮಾರಲು ಮಾಲಿರುವಾಗ ಬೇರೆ ಬಾಗಿಲು ತೋರಿಸುವ ಅಂಗಡಿಯವರನ್ನು ನಾನು ನನ್ನ ಧಂದೆಯಲ್ಲೂ ಹೆಚ್ಚು ಕಂಡಿಲ್ಲ. ವಿಚಾರಿಸಿದೆ. ರೇಟು ನನ್ನ ಕೈಗೆ ಎಟುಕಲಿಲ್ಲ. ಹೊರಗಿನ ಕಂಪನಿಯ ಅಲಾಯ್ ಅಂತಲೇ ತೀರ್ಮಾನವಾಯಿತು.

ಗೋಡೆಗೆ ತೂಗುಹಾಕಿದ್ದರಲ್ಲಿ ಕಪ್ಪು ಬಣ್ಣದ, ಎಂಟು ತೂತಿನ ಒಂದು ನನ್ನ ಕಣ್ಣಿಗೆ ಬಿತ್ತು. ಎಂಟು ತೂತು ಅಂದರೆ ಎಂಟು ನಟ್ ಅಲ್ಲ, ಎರಡು ಬೇರೆ ಪಿಸಿಡಿಯ ಗಾಡಿಗಳಿಗೆ ಒಂದೇ ಅಚ್ಚಿನಲ್ಲಿ ಮಾಡಿದ ಮಾಲು. ನನ್ನ ಮಗಳು ಫೋಟೋ ನೋಡಿ "ಅವ್ವಾ, ಇದನ್ನ ತಗೋ" ಅಂದದ್ದೂ ಅದನ್ನೇ. ಕಾಕಾ ಬೇಡ ಅನ್ನಲಿಲ್ಲ. "ಟೈರ್ ಏರಸೂಕಿಂತ ಮೊದ್ಲ ಬರೇ ರಿಮ್ ಹಚ್ಚಿ ನೋಡೂಣ್ರಿ. ಟೈರ್ ಏರಿದ ಮ್ಯಾಲ ಯಾವ ಕಂಪನಿನೂ ವಾಪಸ್ ತಗೊಳ್ಳೂದಿಲ್ಲ." ಈ ಅಂಗಡಿಯ ಬಗ್ಗೆ ನಾನು ಬರೆಯಲು ಕೂತದ್ದೇ ಈ ಒಂದು ಅಭ್ಯಾಸದ ಸಲುವಾಗಿ. ಬೇರೆ ಕಡೆ ಮೊದಲು ಟೈರ್ ಏರಿಸಿ, ಗಾಳಿ ತುಂಬಿ, ಬ್ಯಾಲೆನ್ಸ್ ಮಾಡಿ, ಕೊನೆಗೆ ಗಾಡಿಗೆ ಹಚ್ಚುತ್ತಾರೆ. ಅಷ್ಟೊತ್ತಿಗೆ ತಿಕ್ಕಿದರೂ ತಾಗಿದರೂ ಮಾಲು ನಿಮ್ಮದಾಗಿರುತ್ತದೆ.

ಹಚ್ಚುವ ಮೊದಲು ರಿಮ್ಮನ್ನು ಮುಖ ಕೆಳಗೆ ಮಾಡಿ ಗೋಣಿಚೀಲದ ಮೇಲೆ ಮಲಗಿಸಿದರು. ಹಿಂಬದಿಯ ಅಂಚಿನ ಮೇಲೆ ಅಡ್ಡಲಾಗಿ ಒಂದು ನೇರ ಪಟ್ಟಿ ಇಟ್ಟು, ಅಲ್ಲಿಂದ ಹಬ್ಬಿಗೆ ಅಂಟುವ ಮುಖದವರೆಗೆ ಎಷ್ಟು ಆಳ ಎಂದು ಸ್ಕೇಲು ಇಳಿಸಿ ನೋಡಿದರು. ನನ್ನ ಹಳೆಯ ಡಿಸ್ಕಿಗೂ ಹಾಗೇ ಮಾಡಿದರು. ಇದು ಆಫ್‌ಸೆಟ್ ತಿಳಿಯುವ ದಾರಿ. ಗಾಲಿಯ ಅಗಲದ ನಟ್ಟನಡುವಿನಿಂದ ಹಬ್ಬಿಗೆ ಅಂಟುವ ಮುಖ ಎಷ್ಟು ಮಿ.ಮೀ. ದೂರ ಇದೆ ಎನ್ನುವುದೇ ಆಫ್‌ಸೆಟ್, ರಿಮ್ಮಿನ ಮೇಲೆ ಇಟಿ ಎಂದು ಅಚ್ಚಾಗಿರುತ್ತದೆ. ಆ ಸಂಖ್ಯೆ ಕಡಿಮೆಯಾದಷ್ಟೂ ಗಾಲಿ ಹೊರಗೆ ಬರುತ್ತದೆ, ಹೆಚ್ಚಾದಷ್ಟೂ ಒಳಗೆ, ಶಾಕಪ್ಪಿನ ಕಡೆ ಸರಿಯುತ್ತದೆ. ಕಪ್ಪು ರಿಮ್ಮಿನದು ನನ್ನ ಡಿಸ್ಕಿಗಿಂತ 10 ಕಡಿಮೆ ಇತ್ತು. ಮೇಲಾಗಿ ಅದರ ಅಗಲ ಆರೂವರೆ ಇಂಚು, ನನ್ನದು ಐದು. ಲೆಕ್ಕ ನಾನೇ ಹಾಕಿದೆ: ಒಂದೂವರೆ ಇಂಚು ಹೆಚ್ಚಿದ್ದರಲ್ಲಿ ಅರ್ಧ ಹೊರಗೆ ಅಂದರೆ 19 ಮಿ.ಮೀ., ಅದಕ್ಕೆ ಆಫ್‌ಸೆಟ್ಟಿನ 10 ಕೂಡಿಸಿದರೆ 29 ಮಿ.ಮೀ. ಹೊರಗೆ. ಮೂರು ಸೆಂಟಿಮೀಟರಿಗೆ ಒಂದೇ ಮಿ.ಮೀ. ಕಡಿಮೆ.

ಬರಿ ರಿಮ್ಮನ್ನು ಹಿಂದಿನ ಹಬ್ಬಿಗೆ ಹಚ್ಚಿ, ಮಡ್‌ಗಾರ್ಡಿನ ಅಂಚಿನಿಂದ ದಾರಕ್ಕೆ ನಟ್ ಕಟ್ಟಿ ತೂಗುಬಿಟ್ಟರು. ದಾರ ರಿಮ್ಮಿನ ಅಂಚಿಗೆ ಹೆಚ್ಚೂಕಡಿಮೆ ತಾಗಿಯೇ ನಿಂತಿತು. ಅದರ ಮೇಲೆ ಟೈರ್ ಬಂದು, ಗಾಡಿಯೊಳಗೆ ಗಂಟು ಬಿದ್ದು, ಹಿಂಭಾಗ ಕುಸಿದರೆ ಮಡ್‌ಗಾರ್ಡಿನ ಮಡಿಚಿದ ಅಂಚು ಟೈರನ್ನು ಕೆರೆಯುತ್ತದೆ. ಮಳೆಯಲ್ಲಿ ಕೆಸರೆಲ್ಲ ಬಾಗಿಲಿಗೆ. ಗಾಲಿ ಹೊರಗೆ ಬಂದಷ್ಟೂ ಬೇರಿಂಗಿಗೆ ಹೊರೆ ಹೆಚ್ಚು. ಗೋಡೆಗೇ ಹೋಯಿತು ಕಪ್ಪು ಗಾಲಿ. ಮಗಳು ಎರಡು ದಿನ ಸಿಟ್ಟಾಗಿದ್ದಳು.

ಕೊನೆಗೆ ತಗೊಂಡದ್ದು ಬೂದು ಬಣ್ಣದ, ಆರು ಇಂಚು ಅಗಲದ, ಆಫ್‌ಸೆಟ್ ನನ್ನ ಡಿಸ್ಕಿನಷ್ಟೇ ಇರುವ ನಾಲ್ಕು ತೂತಿನ ರಿಮ್. ಒಳಗೂ ಹೊರಗೂ 12.7 ಮಿ.ಮೀ. ಹೆಚ್ಚು, ಅಷ್ಟೇ. ಹಿಂಬದಿಯಲ್ಲಿ ಜೆಡಬ್ಲ್ಯೂಎಲ್ ಮತ್ತು ವಿಐಎ (ಅಲಾಯ್ ಗಾಲಿಯ ಗಟ್ಟಿತನಕ್ಕೆ ಜಪಾನಿನ ಗುರುತುಗಳು) ಅಚ್ಚು ಇತ್ತು, ತಡೆಯುವ ಭಾರವೂ ಕಿಲೋದಲ್ಲಿ ಅಚ್ಚಾಗಿತ್ತು. ಅದಿಲ್ಲದ ಮಾಲು ಕಡಿಮೆ ರೇಟಿಗೆ ಸಿಗುತ್ತದೆ. ಕಾಕಾ ಅದನ್ನು ಇಡುವುದೇ ಇಲ್ಲ. ಮುಂದಿನ ಹಬ್ಬಿಗೆ ಹಚ್ಚಿ ಕೈಯಲ್ಲಿ ತಿರುಗಿಸಿ, ಬ್ರೇಕ್ ಕ್ಯಾಲಿಪರಿಗೂ (ಬ್ರೇಕ್ ಒತ್ತಿದಾಗ ಅದುಮುವ ಭಾಗ) ಸ್ಪೋಕಿನ ಒಳಮೈಗೂ ನಡುವೆ ಬೆರಳು ಹೋಗುತ್ತದೆಯೇ ನೋಡಿದರು. ಬ್ಯಾಲೆನ್ಸಿಂಗ್ ಮಾಡುವಾಗ ಒಳಗೆ ಅಂಟಿಸುವ ಸೀಸದ ತುಂಡು ಕ್ಯಾಲಿಪರಿಗೆ ಬಡಿದು ಕಿತ್ತುಹೋಗುವುದೂ ಉಂಟಂತೆ, ಅದಕ್ಕೂ ಜಾಗ ಬೇಕು.

ಇಲ್ಲಿಯವರೆಗೆ ಎಲ್ಲ ಸುಸೂತ್ರ. ಪೆಟ್ಟಿಗೆಯೊಳಗೆ ಬಂದ ಹಬ್ ರಿಂಗಿನಲ್ಲಿ ಎಡವಟ್ಟಾಯಿತು. ಹೊರಗಿನ ಕಂಪನಿಗಳು ನಡುವಿನ ತೂತನ್ನು ಬೇಕೆಂದೇ ದೊಡ್ಡದು ಇಡುತ್ತವೆ, ನಾನು ತಗೊಂಡದ್ದು 67.1. ಆಯಾ ಗಾಡಿಗೆ ತಕ್ಕ ರಿಂಗ್ ಹಾಕಿ ಹೊಂದಿಸಿಕೊಳ್ಳಬೇಕು. ಪೆಟ್ಟಿಗೆಯಲ್ಲಿದ್ದ ರಿಂಗಿನ ಒಳಗಿನ ಅಳತೆ 57.1. ಅದು ಫೋಕ್ಸ್‌ವ್ಯಾಗನ್, ಸ್ಕೋಡಾದ ಹಬ್ಬಿನ ಅಳತೆ. ಸ್ವಿಫ್ಟಿಗೆ ಹಾಕಿದರೆ ಮತ್ತೆ ಮೂರು ಮಿ.ಮೀ. ಆಟ. ಹುಡುಗ ಆಗಲೇ ಒಂದನ್ನು ಒತ್ತಿ ಕೂಡಿಸಿಬಿಟ್ಟಿದ್ದ. ಕಾಕಾ ವರ್ನಿಯರ್ ತರದಿದ್ದರೆ ನನಗಂತೂ ತಿಳಿಯುತ್ತಿರಲಿಲ್ಲ, ಕಪ್ಪು ಪ್ಲಾಸ್ಟಿಕ್ಕಿನ ಬಳೆ, ಎಲ್ಲ ಒಂದೇ ತರ ಕಾಣುತ್ತವೆ. ಸರಿಯಾದ ರಿಂಗ್ ಅಂಗಡಿಯಲ್ಲಿರಲಿಲ್ಲ. ಹಳೆ ಗಾಲಿ ಹಾಕಿಸಿಕೊಂಡು ಗದಗಕ್ಕೆ ವಾಪಸ್ ಬಂದೆ, ರಿಂಗ್ ಬರಲು ವಾರ ಹಿಡಿಯಿತು. ಆ ವಾರದಲ್ಲಿ ಕಾಕಾ ಒಂದು ಫೋನೂ ಮಾಡಲಿಲ್ಲ, ನಾನೇ ಮಾಡಿ ಮಾಡಿ ಕೇಳಬೇಕಾಯಿತು. ವಿಚಾರ ಸರಿ, ಆದರೆ ಗಿರಾಕಿಗೆ ಒಂದು ಮಾತು ತಿಳಿಸುವ ರೂಢಿ ಈ ಅಂಗಡಿಯಲ್ಲಿಲ್ಲ.

ಟೈರಿನ ಅಳತೆ ಬಗ್ಗೆ ಒಂದು ಮಾತು, ಯಾಕೆಂದರೆ 16 ಇಂಚು ಹಾಕಿಸಿ ಎಂದು ಹೇಳಿದವರು ಬಹಳ ಜನ. ಲೆಕ್ಕದಲ್ಲಿ ಅದೂ ಕೂಡುತ್ತದೆ. ನನ್ನ ಹಳೆಯ 165/80 ಆರ್ 14ರ ಪೂರ್ತಿ ಎತ್ತರ ಸುಮಾರು 620 ಮಿ.ಮೀ. 185/65 ಆರ್ 15 ಸುಮಾರು 621 ಚಿಲ್ಲರೆ. 195/55 ಆರ್ 16 ಹಾಕಿದರೂ 621ರ ಹತ್ತಿರವೇ. ಹಾಗಾಗಿ ಮೀಟರಿನಲ್ಲಿ ವೇಗ ತಪ್ಪು ತೋರಿಸುವ ಭಯ ಮೂರರಲ್ಲೂ ಇಲ್ಲ. ವ್ಯತ್ಯಾಸ ಇರುವುದು ಟೈರಿನ ಗೋಡೆಯಲ್ಲಿ: 14 ಇಂಚಿನದು 132 ಮಿ.ಮೀ., 15ರದು 120, 16ರದು 107. ರಿಮ್ಮಿಗೂ ಗುಂಡಿಗೂ ನಡುವೆ ಇರುವುದು ಅಷ್ಟೇ ರಬ್ಬರು, ಅಷ್ಟೇ ಗಾಳಿ. ಕಬ್ಬಿಣದ ಡಿಸ್ಕ್ ಬಗ್ಗಿದರೆ ಬಡಿಯಬಹುದು, ಅಲಾಯ್ ಜೋರು ಏಟಿಗೆ ಬಿರುಕು ಬಿಡುತ್ತದೆ. ಹುಬ್ಬಳ್ಳಿ ಊರೊಳಗೆ, ಅದರಲ್ಲೂ ಫ್ಲೈಓವರ್ ಕೆಲಸ ಹಿಡಿದ ಮೇಲೆ ಚನ್ನಮ್ಮ ಸರ್ಕಲ್ ಸುತ್ತಮುತ್ತ ಗಾಡಿ ಓಡಿಸಿದವರು 16 ಇಂಚು ಹಾಕಿಸಿ ಅನ್ನುವುದಿಲ್ಲ. ಅಂದವರೆಲ್ಲ ಬೆಂಗಳೂರಿನ ನಮ್ಮ ಬೀಗರ ಕಡೆಯವರು.

ಹಚ್ಚುವ ದಿನದ ಕೆಲಸ ನೋಡುವಂತಿತ್ತು. ಹಬ್ಬಿನ ಮುಖವನ್ನೆಲ್ಲ ತುಕ್ಕು ಹೋಗುವ ತನಕ ಉಜ್ಜಿದರು. ಗಾಲಿ ಎತ್ತಿಟ್ಟ ಮೇಲೆ ನಟ್ಟನ್ನು ಬೆರಳಲ್ಲೇ ತಿರುಗಿಸಬೇಕು, ಎಷ್ಟು ಸುತ್ತು ಹೋಗುತ್ತದೆ ಎಣಿಸಬೇಕು. ಅಲಾಯ್ ಕಬ್ಬಿಣದ ಡಿಸ್ಕಿಗಿಂತ ದಪ್ಪ, ಆ ದಪ್ಪ ಸ್ಟಡ್ಡಿನ ಉದ್ದವನ್ನು ತಿನ್ನುತ್ತದೆ. 12 ಮಿ.ಮೀ. ಸ್ಟಡ್ಡಿಗೆ ಕನಿಷ್ಠ ಅಷ್ಟೇ ಉದ್ದದ ಹಿಡಿತ ಬೇಕು ಎಂದು ಕಾಕಾನ ಲೆಕ್ಕ, 1.25ರ ಥ್ರೆಡ್ಡಿಗೆ ಅದು ಹತ್ತು ಸುತ್ತಾಗುತ್ತದೆ. ನನ್ನದು ಹತ್ತು ದಾಟಿತು. ಹೊಸ ನಟ್ ಶಂಕುವಿನ ಮೂತಿಯದ್ದು, ಅದಕ್ಕೂ ನೀಲಿ ಮಾರ್ಕರ್ ಪರೀಕ್ಷೆ ಆಯಿತು. ಆಮೇಲೆ ಎದುರುಬದುರು ಒಂದೊಂದಾಗಿ ಬಿಗಿದು, ಗಾಡಿ ಕೆಳಗಿಳಿಸಿ, ಗೊತ್ತುಮಾಡಿದಷ್ಟು ಬಿಗಿಯಾದಾಗ ಸದ್ದು ಮಾಡುವ ಟಾರ್ಕ್ ಪಾನಾ ಕಟ್ ಅನ್ನುವ ತನಕ. ಸಣ್ಣ ಕಾರುಗಳಿಗೆ ಈ ಬಿಗಿತ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಒಳಗೆ ಇರುತ್ತದೆ, ನಿಮ್ಮ ಗಾಡಿಯದು ಮ್ಯಾನುಯಲ್ಲಿನಲ್ಲಿ ಬರೆದಿರುತ್ತದೆ. ನನ್ನ ಮ್ಯಾನುಯಲ್ ಡ್ಯಾಶ್‌ಬೋರ್ಡಿನೊಳಗೆ ಸೀರೆ ಬಿಲ್ಲುಗಳ ಅಡಿಯಲ್ಲಿತ್ತು, ಕಾಕಾ ಅದನ್ನು ತೆಗೆಸಿ ಓದಿಸಿಯೇ ಪಾನಾಕ್ಕೆ ಅಂಕಿ ಕೂಡಿಸಿದರು. ಪಕ್ಕದ ಜಾಗದಲ್ಲಿ ಅದೇ ಹುಡುಗ ಒಂದು ಟ್ಯಾಕ್ಸಿಯ ನಟ್ಟಿಗೆ ಗನ್ನಿನಿಂದ ಗರ್ರ್ ಅನ್ನಿಸುತ್ತಿದ್ದುದನ್ನೂ ನೋಡಿದೆ. ಕಾಕಾ ಎದುರಿಗಿದ್ದಾಗ ಒಂದು, ಇಲ್ಲದಿದ್ದಾಗ ಇನ್ನೊಂದು. ನೀವು ಹೋದರೆ ಗಾಡಿ ಪಕ್ಕ ನಿಂತೇ ಇರಿ.

ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಟೈರ್ ಒಳಗಿನ ಪ್ಲಾಸ್ಟಿಕ್ಕಿಗೆ ತಾಗುತ್ತದೆಯೇ ನೋಡಿದರು. ಆಮೇಲೆ ಹಿಂದಿನ ಸೀಟಿಗೆ ಮೂವರನ್ನು ಹತ್ತಿಸಿ, ನನ್ನ ಗಂಟುಗಳನ್ನೂ ಡಿಕ್ಕಿಗೆ ಹಾಕಿಸಿ, ಅಂಗಡಿ ಮುಂದಿನ ಹಂಪಿನ ಮೇಲೆ ಹಿಂದೆ ಮುಂದೆ ಓಡಿಸಿದರು. ಚಾ ತರಲು ಹೋಗಿದ್ದವನನ್ನೂ ಬಿಡಲಿಲ್ಲ, ಕೈಯಲ್ಲಿ ಕೆಟಲ್ ಹಿಡಿದೇ ಕೂತ. ತಾಗಲಿಲ್ಲ.

ಸ್ಟೆಪ್ನಿ ವಿಷಯ ನನಗೆ ಹೊಳೆದೇ ಇರಲಿಲ್ಲ. ಅದು ಹಳೆಯ 14 ಇಂಚಿನ ಕಬ್ಬಿಣದ್ದೇ ಉಳಿಯಿತು. ಎತ್ತರ ಹೆಚ್ಚೂಕಡಿಮೆ ಒಂದೇ ಆದ್ದರಿಂದ ಪಂಕ್ಚರ್ ಅಂಗಡಿ ಮುಟ್ಟುವವರೆಗೆ ನಡೆಯುತ್ತದೆ. ಆದರೆ ಹೊಸ ನಟ್ ಹಳೆಯ ಡಿಸ್ಕಿಗೂ ಸರಿಯಾಗಿ ಕೂಡಬೇಕಲ್ಲ? ಸ್ಟೆಪ್ನಿ ತೆಗೆಸಿ ಹಚ್ಚಿ ನೋಡಿದರು, ಕೂತಿತು. ಇನ್ನೊಂದು ಸಂಗತಿ ಆಗ ಹೊರಬಿತ್ತು. ಗಾಡಿಯ ಜತೆ ಬಂದ ಪಾನಾ ಅಲಾಯ್‌ನ ಸಣ್ಣ ತೂತಿನೊಳಗೆ ಇಳಿಯಲಿಲ್ಲ, ಅದರ ಗೋಡೆ ದಪ್ಪ. ಕತ್ತಲಲ್ಲಿ ಅಣ್ಣಿಗೇರಿ ಆಚೆ ಗಾಲಿ ಪಂಕ್ಚರ್ ಆಗಿ, ಕೈಯಲ್ಲಿ ಪಾನಾ ಇದ್ದೂ ನಟ್ ಬಿಚ್ಚಲಾಗದೆ ನಿಂತಿದ್ದರೆ? ತೆಳು ಗೋಡೆಯ ಸಾಕೆಟ್ ಒಂದನ್ನು ಮುನ್ನೂರಕ್ಕೆ ಕೊಟ್ಟರು. ಜ್ಯಾಕಿನ ಜತೆಗೇ ಕಟ್ಟಿಟ್ಟಿದ್ದೇನೆ.

ರಿಮ್ ನಾಲ್ಕಕ್ಕೆ 23,500. ಟೈರ್ ಬೇರೆ, ಅದರ ಭಾರದ ಅಂಕಿ 88, ಅಂದರೆ ಒಂದಕ್ಕೆ 560 ಕಿಲೋ. ರಿಂಗಿಗೆ ದುಡ್ಡು ಹಿಡಿಯಲಿಲ್ಲ, ಹಳೆ ಡಿಸ್ಕಿಗೆ ಕೊಟ್ಟ ರೇಟು ಗುಜರಿಗಿಂತ ಮೇಲಲ್ಲ. ಜಿಎಸ್‌ಟಿ ಬಿಲ್ ಕೇಳಿದರೆ ಮಾತ್ರ ಕೊಡುತ್ತಾರೆ. ಕೇಳಿ ತಗೊಂಡು, ಇನ್ಶುರನ್ಸ್ ಏಜೆಂಟರಿಗೆ ಅದರ ಫೋಟೋ ಕಳಿಸಿ ಪಾಲಿಸಿಯಲ್ಲಿ ಸೇರಿಸಿಕೊಂಡೆ.

ರಸ್ತೆ ಮೇಲೆ ಹೇಗಿದೆ? ಗದಗ ರಸ್ತೆಯಲ್ಲಿ ತೊಂಬತ್ತಕ್ಕೂ ಸ್ಟೇರಿಂಗ್ ನಡುಗದೆ ಕಲ್ಲಿನ ಹಾಗೆ ನಿಲ್ಲುತ್ತದೆ. ತಿರುವಿನಲ್ಲಿ ಗಾಡಿ ಮೊದಲಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ. ಊರೊಳಗಿನ ಸಣ್ಣ ತಗ್ಗುಗಳು ಮೊದಲಿಗಿಂತ ಹೆಚ್ಚು ಗೊತ್ತಾಗುತ್ತವೆ, ಅದು ಗೋಡೆಯಲ್ಲಿ ಹೋದ 12 ಮಿ.ಮೀ.ನ ಬೆಲೆ. ನೂರು ಕಿಲೋಮೀಟರ್ ಓಡಿದ ಮೇಲೆ ನಟ್ ಮತ್ತೆ ಬಿಗಿಸಿಕೊಳ್ಳಿ ಎಂದಿದ್ದರು. ಹೋದಾಗ ಎರಡು ನಟ್ ಕಾಲು ಸುತ್ತು ತಗೊಂಡವು. ದುಡ್ಡು ತಗೊಳ್ಳಲಿಲ್ಲ.

ಅಂಗಡಿಯ ಬಗ್ಗೆ ತಕರಾರುಗಳೂ ಇವೆ. ಕೂಡಲು ಇರುವುದು ಒಂದೇ ಪ್ಲಾಸ್ಟಿಕ್ ಕುರ್ಚಿ, ಅದರ ಒಂದು ಕಾಲು ತಂತಿಯದ್ದು. ಹೆಣ್ಣುಮಕ್ಕಳಿಗೆ ಬಾತ್‌ರೂಮಿನ ವ್ಯವಸ್ಥೆ ಇಲ್ಲ, ಎದುರಿನ ಹೋಟೆಲಿಗೆ ಹೋಗಬೇಕು. ಅಲೈನ್‌ಮೆಂಟ್ ಯಂತ್ರ ನಾನು ಹೋದಾಗ ಕೆಟ್ಟಿತ್ತು, ಗಾಲಿ ಬದಲಿಸಿದ ಮೇಲೆ ಅದು ಬೇಕೇ ಬೇಕು, ಅದಕ್ಕಾಗಿ ಧಾರವಾಡಕ್ಕೆ ಹೋಗಬೇಕಾಯಿತು. ಒಂದು ತಾಸು ಅಂದರೆ ಮೂರು ತಾಸು ಎಂದು ತಿಳಿಯಿರಿ. ಅವಸರ ಇರುವವರಿಗೆ, ಗೋಡೆ ಮೇಲಿನ ಗಾಲಿ ತೋರಿಸಿ ಇದೇ ಬೇಕು ಅನ್ನುವವರಿಗೆ ಈ ಅಂಗಡಿ ಅಲ್ಲ, ಅಂಥವರ ಜತೆ ಕಾಕಾ ವಾದಕ್ಕೆ ನಿಲ್ಲುತ್ತಾರೆ. ಐದು ತೂತಿನ ಗಾಡಿ ತಂದ ಒಬ್ಬರು ಟೇಪಿನಲ್ಲಿ ಪಿಸಿಡಿ ಅಳೆದುಕೊಂಡೇ ಬಂದಿದ್ದೇನೆ ಅಂದರು. ಐದು ತೂತಿನಲ್ಲಿ ಎದುರಿಗೆ ತೂತೇ ಇರುವುದಿಲ್ಲ, ಪಕ್ಕಪಕ್ಕದ ಎರಡರ ನಡುವೆ ಅಳೆದು 1.7ರಿಂದ ಗುಣಿಸಬೇಕು ಎಂದು ಕಾಕಾ ಪಾಠ ಮಾಡಿದರು. ಅವರು ಸಿಟ್ಟಾಗಿ ಮುಂದಿನ ಅಂಗಡಿಗೆ ಹೋದರು.

ಹೋಗುವುದಾದರೆ ಮುಂಜಾನೆ ಹತ್ತರೊಳಗೆ ಹೋಗಿ, ಮಧ್ಯಾಹ್ನದ ಮೇಲೆ ಟ್ಯಾಕ್ಸಿಯವರ ಸಾಲು ಹತ್ತುತ್ತದೆ. ಗಾಡಿಯ ಮ್ಯಾನುಯಲ್ ಒಯ್ಯಿರಿ, ಡಿಕ್ಕಿ ಖಾಲಿ ಮಾಡಿಕೊಂಡು ಹೋಗಿ, ಸ್ಟೆಪ್ನಿ ತೆಗೆಯುವಾಗ ಪರದಾಟ ತಪ್ಪುತ್ತದೆ. ಯಾವಾಗಲೂ ಭಾರ ಹೇರುವವರಾದರೆ ಅದನ್ನು ಮೊದಲೇ ಹೇಳಿ. ಅಮಾವಾಸ್ಯೆ ದಿನ ಪೂಜೆ ಮುಗಿಯುವವರೆಗೆ ಜ್ಯಾಕ್ ಮುಟ್ಟುವುದಿಲ್ಲ.